ಬಿಎಸ್ಸಿ ನರ್ಸಿಂಗ್: ಸರ್ಕಾರಿ ಸೀಟಿಗೆ 10 ಸಾವಿರ, ಮ್ಯಾನೇಜ್‌ಮೆಂಟ್ ಸೀಟಿಗೆ 1 ಲಕ್ಷ; ನಡುವೆ ಇರೋದು ಒಂದು ಸಿಇಟಿ ಅರ್ಜಿ

ಹಾವೇರಿ: ದ್ವಿತೀಯ ಪಿಯುಸಿ ಸೈನ್ಸ್ ಮುಗಿಸಿದ ಮಕ್ಕಳಿರುವ ಮನೆಗಳಿಗೆ ರಿಸಲ್ಟ್ ಬಂದ ವಾರದಿಂದಲೇ ಫೋನ್ ಶುರುವಾಗುತ್ತವೆ. "ಬೆಂಗಳೂರಾಗ ನರ್ಸಿಂಗ್ ಸೀಟ್ ಐತ್ರಿ, ಈ ವಾರದಾಗ ಕನ್ಫರ್ಮ್ ಮಾಡಿದ್ರ ಹಾಸ್ಟೆಲ್ ಫೀ ಕಡಿಮಿ ಮಾಡಿಸಿ ಕೊಡ್ತೇವ್ರಿ" ಅನ್ನುವ ಮಾತು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೂ ಹೊಸದಲ್ಲ, ರಾಣೆಬೆನ್ನೂರಿನ ಬೀಜದ ಅಂಗಡಿಯವರಿಗೂ ಹೊಸದಲ್ಲ. ಕಾಲೇಜು ಯಾವುದು, ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಸರ್ಕಾರಿ ಕೋಟಾ ಎಷ್ಟು ಅಂತ ಕೇಳುವ ಮೊದಲೇ ಅಡ್ವಾನ್ಸ್ ಹೋಗಿರುತ್ತದೆ.

ಈ ಡಿಗ್ರಿ ಯಾರು ಕೊಡ್ತಾರೆ, ಸೀಟು ಹೇಗೆ ಸಿಗುತ್ತದೆ, ನಾಲ್ಕು ವರ್ಷಕ್ಕೆ ಎಷ್ಟು ಬೀಳುತ್ತದೆ ಅನ್ನೋದನ್ನು ಇಲ್ಲಿ ಬಿಡಿಸಿ ಕೊಡಲಾಗಿದೆ.

ಡಿಗ್ರಿ ಹಾವೇರಿ ವಿವಿಯದ್ದೂ ಅಲ್ಲ, ಧಾರವಾಡದ್ದೂ ಅಲ್ಲ

ಕೆರಿಮತ್ತಿಹಳ್ಳಿಯಲ್ಲಿ ಹಾವೇರಿ ವಿಶ್ವವಿದ್ಯಾಲಯ 2023ರಲ್ಲಿ ಶುರುವಾದ ಮೇಲೆ ಕೆಲವು ಪಾಲಕರಿಗೆ ನರ್ಸಿಂಗ್ ಕೂಡ ಅದರ ಕೆಳಗೆ ಬರುತ್ತದೆ ಅನ್ನೋ ಕಲ್ಪನೆ ಇದೆ. ಬರಲ್ಲ. ರಾಜ್ಯದ ನರ್ಸಿಂಗ್ ಕಾಲೇಜುಗಳಲ್ಲಿ ಬಹುತೇಕ ಎಲ್ಲವೂ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿವೆ. 1996ರಲ್ಲಿ ಶುರುವಾದ ಸರ್ಕಾರಿ ವಿಶ್ವವಿದ್ಯಾಲಯ ಇದು. ಎಂಬಿಬಿಎಸ್, ಆಯುರ್ವೇದ, ಫಾರ್ಮಸಿ, ನರ್ಸಿಂಗ್ ಎಲ್ಲಕ್ಕೂ ಪರೀಕ್ಷೆ ನಡೆಸಿ ಪದವಿ ಕೊಡುವುದು ಇದೇ. ಕಾಲೇಜು ಖಾಸಗಿಯದ್ದಾದರೂ ಪ್ರಶ್ನೆಪತ್ರಿಕೆ, ಮಾರ್ಕ್ಸ್ ಕಾರ್ಡ್, ಪದವಿ ಪ್ರಮಾಣಪತ್ರ ಈ ವಿವಿಯದ್ದು. ಧಾರವಾಡದ ಎಸ್‌ಡಿಎಂ, ಬೆಳಗಾವಿಯ ಕೆಎಲ್‌ಇ ತರಹದ ಕೆಲವು ಸಂಸ್ಥೆಗಳು ಮಾತ್ರ ತಮ್ಮದೇ ಖಾಸಗಿ ಅಥವಾ ಡೀಮ್ಡ್ ವಿಶ್ವವಿದ್ಯಾಲಯದ ಹೆಸರಿನಲ್ಲಿ ಪದವಿ ಕೊಡುತ್ತವೆ. ಅಲ್ಲಿ ಶುಲ್ಕದ ಲೆಕ್ಕ ಬೇರೆ.

ಹಾಗಾಗಿ ಏಜೆಂಟ್ ಯಾವುದೇ ಕಾಲೇಜಿನ ಹೆಸರು ಹೇಳಿದರೂ ಮೊದಲ ಕೆಲಸ ಒಂದೇ: ವಿವಿಯ ವೆಬ್‌ಸೈಟ್‌ನಲ್ಲಿರುವ ಸಂಯೋಜಿತ ಕಾಲೇಜುಗಳ ಪಟ್ಟಿಯಲ್ಲಿ ಆ ಹೆಸರು, ಆ ವರ್ಷಕ್ಕೆ, ಆ ಕೋರ್ಸಿಗೆ ಇದೆಯಾ ಅಂತ ನೋಡುವುದು. ಜಿಎನ್‌ಎಂಗೆ ಮಾತ್ರ ಅನುಮತಿ ಇರುವ ಸಂಸ್ಥೆಯ ಬೋರ್ಡ್ ಮೇಲೆ "ಕಾಲೇಜ್ ಆಫ್ ನರ್ಸಿಂಗ್" ಅಂತ ಬರೆದಿರಬಹುದು. ಬೋರ್ಡ್ ಓದಿ ನಂಬೋದಲ್ಲ.

ಎಎನ್‌ಎಂ, ಜಿಎನ್‌ಎಂ, ಬಿಎಸ್ಸಿ: ಮೂರೂ ಒಂದೇ ಅಲ್ಲ

ಊರಲ್ಲಿ ಎಲ್ಲದಕ್ಕೂ "ನರ್ಸಿಂಗ್" ಅಂತಲೇ ಹೇಳುತ್ತಾರೆ. ಎಎನ್‌ಎಂ ಎರಡು ವರ್ಷದ್ದು, ಹೆಣ್ಣುಮಕ್ಕಳಿಗೆ ಮಾತ್ರ. ಉಪಕೇಂದ್ರದಲ್ಲಿ ಲಸಿಕೆ ಹಾಕುವ, ಬಸುರಿಯರ ಮನೆಗೆ ಹೋಗುವ ಸಿಸ್ಟರ್‌ ಕೆಲಸಕ್ಕೆ ಅದು. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಇದರ ಪರೀಕ್ಷೆಯನ್ನು ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ನಡೆಸುತ್ತದೆ, ರಾಜೀವ್ ಗಾಂಧಿ ವಿವಿ ಅಲ್ಲ. ಆರ್ಟ್ಸ್, ಕಾಮರ್ಸ್ ಓದಿದವರೂ ಜಿಎನ್‌ಎಂ ಸೇರಬಹುದು. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ ಪದವಿ. ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು. ಮೂರೂ ಸೇರಿ ಕನಿಷ್ಠ ಶೇ 45 ಅಂಕ ಇರಬೇಕು, ಇಂಗ್ಲಿಷ್ ಪಾಸಾಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 5ರಷ್ಟು ರಿಯಾಯಿತಿ ಇದೆ. ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಗಂಡುಮಕ್ಕಳೂ ಸೇರಬಹುದು. "ಅದು ಹುಡುಗ್ಯಾರ ಕೋರ್ಸ್" ಅನ್ನೋದು ಹಳೆಯ ಮಾತು.

ಕೆಲ ವರ್ಷದ ಹಿಂದೆ ಜಿಎನ್‌ಎಂ ಬಂದ್ ಆಗುತ್ತದೆ ಅಂತ ದೊಡ್ಡ ಸುದ್ದಿಯಾಗಿತ್ತು. ಬಂದ್ ಆಗಿಲ್ಲ. ಆದರೆ ಎರಡರ ನಡುವೆ ಅಂತರ ಇದೆ. ದೇಶದ ಏಮ್ಸ್‌ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆಯನ್ನು ಬಿಎಸ್ಸಿ ಮುಗಿಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು ನೇರವಾಗಿ ಬರೆಯಬಹುದು. ಜಿಎನ್‌ಎಂ ಆದವರು ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದ ಮೇಲೆ ಬರೆಯಬೇಕು. ಜಿಎನ್‌ಎಂ ಮುಗಿಸಿದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿಕೊಳ್ಳಬಹುದು. ಅಲ್ಲಿಗೆ ಒಟ್ಟು ಐದು ವರ್ಷ ಆಗುತ್ತದೆ. ಸೈನ್ಸ್ ಓದಿದ ಮಗಳಿಗೆ "ಸದ್ಯ ಜಿಎನ್‌ಎಂ ಮಾಡಲಿ, ಆಮ್ಯಾಲ ನೋಡೋಣ" ಅನ್ನುವವರು ಈ ಒಂದು ವರ್ಷದ ಲೆಕ್ಕ ಹಾಕಬೇಕು. ಆರ್ಟ್ಸ್, ಕಾಮರ್ಸ್ ಮಕ್ಕಳಿಗಾದರೆ ಅದೇ ಸರಿಯಾದ ದಾರಿ.

ಅರ್ಜಿ ಹಾಕದೆ ಕಳಕೊಳ್ಳೋದೇ ಹೆಚ್ಚು

ಈಗ ಮುಖ್ಯ ವಿಷಯ. 2023ರಿಂದ ಬಿಎಸ್ಸಿ ನರ್ಸಿಂಗ್‌ನ ಸರ್ಕಾರಿ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅಂದ್ರೆ ಕೆಇಎ, ಸಿಇಟಿ ಮೂಲಕ ಹಂಚುತ್ತಿದೆ. ಸರ್ಕಾರಿ ಕಾಲೇಜಿನ ಸೀಟುಗಳಷ್ಟೇ ಅಲ್ಲ, ಖಾಸಗಿ ಕಾಲೇಜುಗಳು ಸರ್ಕಾರಕ್ಕೆ ಬಿಟ್ಟುಕೊಡುವ ಪಾಲೂ ಇದರಲ್ಲೇ ಬರುತ್ತದೆ. ನೀಟ್ ಬೇಕಿಲ್ಲ. ಸಿಇಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರು ಪೇಪರ್ ಬರೆದರೆ ಸಾಕು. ಒಂದೊಂದಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ.

ತೊಂದರೆ ಆಗೋದು ಪರೀಕ್ಷೆಯಲ್ಲಿ ಅಲ್ಲ, ಅರ್ಜಿಯಲ್ಲಿ. ಸಿಇಟಿ ಅರ್ಜಿ ಕರೆಯುವುದು ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲಿ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಸೀಜನ್ ಜೋರಾಗಿರುವ ಕಾಲ ಅದು. ಸೋಮವಾರ, ಗುರುವಾರದ ಟೆಂಡರ್ ಬಿಟ್ಟು ಬೇರೆ ಯಾವುದಕ್ಕೂ ಮನೆಯ ಹಿರಿಯರಿಗೆ ಪುರುಸೊತ್ತು ಇರಲ್ಲ. ಸಿಇಟಿ ಅಂದ್ರೆ ಎಂಜಿನಿಯರಿಂಗ್‌ಗೆ ಅಂತ ಬಹಳ ಜನ ತಿಳಿದಿದ್ದಾರೆ, ಹಾಗಾಗಿ ಪಿಸಿಬಿ ಓದುವ ಮಕ್ಕಳಲ್ಲಿ ಕೆಲವರು ಅರ್ಜಿಯನ್ನೇ ಹಾಕಿರುವುದಿಲ್ಲ. ರಿಸಲ್ಟ್ ಬಂದ ಮೇಲೆ ನರ್ಸಿಂಗ್ ಅಂತ ಹೊರಟರೆ ಸರ್ಕಾರಿ ಕೋಟಾದ ಬಾಗಿಲು ಮುಚ್ಚಿರುತ್ತದೆ. ಕೆಲವು ನೂರು ರೂಪಾಯಿಯ ಅರ್ಜಿ ಹಾಕದ ತಪ್ಪಿಗೆ ಮನೆಯವರು ಲಕ್ಷಗಟ್ಟಲೆ ಕಟ್ಟುತ್ತಾರೆ.

ಅರ್ಜಿ ತುಂಬುವಾಗಲೂ ಅವಸರ ಬೇಡ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15ರಷ್ಟು ಗ್ರಾಮೀಣ ಮೀಸಲಾತಿ ಇದೆ. ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಇದೆ. ಕಾಗಿನೆಲೆ, ಮೋಟೆಬೆನ್ನೂರು, ಹಲಗೇರಿ, ಗುತ್ತಲ ಕಡೆಯ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಇವುಗಳಲ್ಲಿ ಒಂದಾದರೂ ಸಿಗಬಹುದು, ಸಾಲಿ ಇದ್ದ ಊರು ಆಗ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿತ್ತೇ ಅನ್ನೋದನ್ನು ನೋಡಿಕೊಳ್ಳಬೇಕು. ಆದರೆ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ ಸಹಿ ಬೇಕು, ಜಾತಿ ಮತ್ತು ಆದಾಯ ಪತ್ರದ ಆರ್‌ಡಿ ನಂಬರ್ ಸರಿ ಇರಬೇಕು, ಆಧಾರ್‌ನಲ್ಲೂ ಮಾರ್ಕ್ಸ್ ಕಾರ್ಡಿನಲ್ಲೂ ಹೆಸರಿನ ಅಕ್ಷರ ಒಂದೇ ಇರಬೇಕು. ಸೈಬರ್ ಸೆಂಟರ್‌ನಲ್ಲಿ ಕೊನೆಯ ದಿನ ಸಾಲಿನಲ್ಲಿ ನಿಂತು ಅರ್ಜಿ ಹಾಕಿಸಿದರೆ ಈ ಕಾಲಂಗಳಲ್ಲಿ "ಇಲ್ಲ" ಅಂತ ಒತ್ತಿ ಬಿಟ್ಟಿರುತ್ತಾರೆ. ಅದು ಗೊತ್ತಾಗುವುದು ರ‍್ಯಾಂಕ್ ಬಂದ ಮೇಲೆ.

ಆಪ್ಷನ್ ಎಂಟ್ರಿಯಲ್ಲಿ ಇನ್ನೊಂದು ಎಡವಟ್ಟು. ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಮೂರು ನಾಲ್ಕು ಹೆಸರು ಬರೆದು "ಸಿಕ್ಕರ ಹುಬ್ಬಳ್ಳಿ, ಇಲ್ಲಾಂದ್ರ ಬ್ಯಾಡ" ಅನ್ನುವವರಿಗೆ ಕೊನೆಗೆ ಏನೂ ಸಿಗದೇ ಇರಬಹುದು. ಬರೆಯದ ಕಾಲೇಜು ರ‍್ಯಾಂಕ್ ಎಷ್ಟೇ ಚೆನ್ನಾಗಿದ್ದರೂ ಬರಲ್ಲ. ಹಾಗಂತ ಹೋಗಲು ಮನಸ್ಸೇ ಇಲ್ಲದ ಊರಿನ ಕಾಲೇಜನ್ನು ಮೇಲೆ ಬರೆಯಬಾರದು. ಮೇಲಿನ ಆಯ್ಕೆ ಸಿಕ್ಕಿತು ಅಂದರೆ ಅದರ ಕೆಳಗಿನವೆಲ್ಲ ತಾವಾಗಿಯೇ ಹೋಗುತ್ತವೆ. ಅಣಕು ಹಂಚಿಕೆ ಬಂದಾಗ ಪಟ್ಟಿಯನ್ನು ಮತ್ತೊಮ್ಮೆ ಹಿಂದೆ ಮುಂದೆ ಮಾಡಲು ಅವಕಾಶ ಇರುತ್ತದೆ. ಅದೊಂದು ಟ್ರಯಲ್ ಅಷ್ಟೇ, ಅದನ್ನೇ ಸೀಟು ಅಂತ ತಿಳಿದು ಊರೆಲ್ಲ ಪೇಢೆ ಹಂಚಿದವರೂ ಇದ್ದಾರೆ.

ನರ್ಸಿಂಗ್ ಹಂಚಿಕೆ ಎಂಜಿನಿಯರಿಂಗ್‌ಗಿಂತ ತಡವಾಗಿ ಮುಗಿಯುವುದುಂಟು. ಏಜೆಂಟರಿಗೆ ಬೇಕಾಗಿರುವುದು ಈ ಗ್ಯಾಪ್. "ಸರ್ಕಾರಿ ಸೀಟು ಕಾಯ್ಕೊಂತ ಕುಂತ್ರ ಇದೂ ಹೋಗತೈತಿ" ಅಂತ ಹೆದರಿಸಿ ಜೂನ್‌ನಲ್ಲೇ ಹಣ ಕಟ್ಟಿಸಿಕೊಳ್ಳುತ್ತಾರೆ. ಸಿಇಟಿ ರ‍್ಯಾಂಕ್ ಕೈಯಲ್ಲಿದ್ದವರು ಕೊನೆಯ ಸುತ್ತಿನವರೆಗೆ ಕಾಯುವುದರಲ್ಲಿ ನಷ್ಟಕ್ಕಿಂತ ಲಾಭವೇ ಹೆಚ್ಚು.

ಹತ್ತಿರದಲ್ಲಿ ಏನಿದೆ

ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2022–23ರಲ್ಲಿ 150 ಎಂಬಿಬಿಎಸ್ ಸೀಟುಗಳೊಂದಿಗೆ ಶುರುವಾಯಿತು. ಜಿಲ್ಲಾಸ್ಪತ್ರೆಗಳ ಜೊತೆ ಮೆಡಿಕಲ್ ಕಾಲೇಜು ಕಟ್ಟುವ ಕೇಂದ್ರದ ಯೋಜನೆಯಲ್ಲಿ ರಾಜ್ಯಕ್ಕೆ ಸಿಕ್ಕ ನಾಲ್ಕರಲ್ಲಿ ಹಾವೇರಿಯೂ ಒಂದು. ಉಳಿದವು ಚಿಕ್ಕಮಗಳೂರು, ಯಾದಗಿರಿ, ಚಿತ್ರದುರ್ಗ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ ಇಂಥ ಮೆಡಿಕಲ್ ಕಾಲೇಜುಗಳ ಪಕ್ಕದಲ್ಲೇ ದೇಶದಲ್ಲಿ ಒಟ್ಟು 157 ಸರ್ಕಾರಿ ನರ್ಸಿಂಗ್ ಕಾಲೇಜು ತೆರೆಯಲು 1,570 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಒಂದು ಕಾಲೇಜಿಗೆ ತಲಾ 10 ಕೋಟಿ. ಕರ್ನಾಟಕದ ಪಾಲು ನಾಲ್ಕು. ಪ್ರತಿ ವರ್ಷ ಕೆಇಎ ಸೀಟ್ ಮ್ಯಾಟ್ರಿಕ್ಸ್ ಬಿಡುಗಡೆ ಮಾಡಿದಾಗ ಹಾವೇರಿ ಜಿಲ್ಲೆಯ ಪಾಲಕರು ಮೊದಲು ಹುಡುಕಬೇಕಾದ ಸಾಲು ಇದೇ.

ಇದು ಬಿಟ್ಟರೆ ಹುಬ್ಬಳ್ಳಿ, ಧಾರವಾಡ, ದಾವಣಗೆರೆ. ರಾಣೆಬೆನ್ನೂರಿನವರಿಗೆ ದಾವಣಗೆರೆ ರೈಲಿನಲ್ಲಿ ಹತ್ತಿರ. ಹಾವೇರಿ, ಬ್ಯಾಡಗಿಯವರು ಹುಬ್ಬಳ್ಳಿ ಕಡೆ ನೋಡುತ್ತಾರೆ. ಆದರೆ ದಿನಾ ಓಡಾಡಿ ಓದುವ ಕೋರ್ಸ್ ಇದಲ್ಲ ಅನ್ನೋದು ಗೊತ್ತಿರಲಿ. ಎರಡನೇ ವರ್ಷದಿಂದ ವಾರ್ಡ್ ಡ್ಯೂಟಿ ಹೆಚ್ಚುತ್ತದೆ. ಬೆಳಗಿನ ಪಾಳಿಗೆ ಆಸ್ಪತ್ರೆಯಲ್ಲಿ ಇರಬೇಕಾದವರು ಹಾವೇರಿಯಿಂದ ಬಸ್ ಹಿಡಿದು ಹೋಗುವುದು ಆಗದ ಮಾತು. ಹಾಸ್ಟೆಲ್ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಹಣದ ಲೆಕ್ಕ, ಅಂಗಡಿ ಲೆಕ್ಕದ ಹಾಗೆ

2025ರಲ್ಲಿ ಖಾಸಗಿ ಕಾಲೇಜುಗಳು ಶುಲ್ಕ ಹೆಚ್ಚಿಸಲು ಕೇಳಿದಾಗ ಸರ್ಕಾರ ಒಪ್ಪಲಿಲ್ಲ. ಆಗ ಇದ್ದ ದರ ಹೀಗಿತ್ತು: ಸರ್ಕಾರಿ ಕೋಟಾ ಸೀಟಿಗೆ ವರ್ಷಕ್ಕೆ 10,000 ರೂಪಾಯಿ, ಮ್ಯಾನೇಜ್‌ಮೆಂಟ್ ಸೀಟಿಗೆ ರಾಜ್ಯದವರಿಗೆ 1 ಲಕ್ಷ, ಹೊರ ರಾಜ್ಯದವರಿಗೆ 1.4 ಲಕ್ಷ. ಅಂದರೆ ನಾಲ್ಕು ವರ್ಷಕ್ಕೆ ಒಂದು ಕಡೆ 40 ಸಾವಿರ, ಇನ್ನೊಂದು ಕಡೆ 4 ಲಕ್ಷ. ವ್ಯತ್ಯಾಸ 3.6 ಲಕ್ಷ. ಹಾಸ್ಟೆಲ್, ಮೆಸ್, ಯೂನಿಫಾರ್ಮ್, ಪುಸ್ತಕ, ಪರೀಕ್ಷಾ ಶುಲ್ಕ ಎರಡೂ ಕಡೆ ಬೇರೆ. ಇದಕ್ಕಿಂತ ಹೆಚ್ಚು ಕೇಳಿದರೆ ಯಾವುದಕ್ಕೆ ಅಂತ ರಸೀದಿ ಕೇಳಬೇಕು. ಅಂಗಡಿಯಲ್ಲಿ ಹತ್ತು ರೂಪಾಯಿಗೆ ಬಿಲ್ ಕೇಳುವ ಜನ ಕಾಲೇಜಿನಲ್ಲಿ ಐವತ್ತು ಸಾವಿರ ಕೊಟ್ಟು ಬರೀ ಕೈಯಲ್ಲಿ ಬರುತ್ತಾರೆ.

ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ತಗೊಂಡರೆ ಏನಾಗುತ್ತದೆ ನೋಡೋಣ. ಶಿಕ್ಷಣ ಸಾಲ 4 ಲಕ್ಷದವರೆಗೆ ಆಸ್ತಿ ಅಡವು ಇಲ್ಲದೆ ಸಿಗುತ್ತದೆ. ವರ್ಷಕ್ಕೆ ಒಂದೊಂದು ಲಕ್ಷ ಅಂತ ಬ್ಯಾಂಕ್ ಕೊಡುತ್ತಾ ಹೋಗುತ್ತದೆ, ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. ಆದರೆ ಬಡ್ಡಿ ನಿಲ್ಲಲ್ಲ. ಶೇ 10ರ ಸರಳ ಬಡ್ಡಿ ಅಂತ ಇಟ್ಟುಕೊಂಡರೆ ಮೊದಲ ಲಕ್ಷಕ್ಕೆ ಐದು ವರ್ಷದ 50 ಸಾವಿರ, ಎರಡನೆಯದಕ್ಕೆ 40, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 20, ಒಟ್ಟು 1.4 ಲಕ್ಷ. ಕಂತು ಶುರುವಾಗುವ ದಿನ ತಲೆ ಮೇಲೆ 5.4 ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 7,100 ರೂಪಾಯಿ ಕಂತು.

ಇದನ್ನು ಪಗಾರದ ಪಕ್ಕ ಇಟ್ಟು ನೋಡಬೇಕು. ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಮಾಡಿದ ಸಮಿತಿ 2016ರಲ್ಲಿ ಶಿಫಾರಸು ಮಾಡಿತು: 50 ಹಾಸಿಗೆಗಿಂತ ಕಡಿಮೆ ಇದ್ದರೂ ತಿಂಗಳಿಗೆ 20,000ಕ್ಕಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು. ಶಿಫಾರಸು ಕಾಗದದಲ್ಲೇ ಉಳಿದ ಆಸ್ಪತ್ರೆಗಳು ಎಲ್ಲ ಊರಲ್ಲೂ ಇವೆ. ಹೊಸದಾಗಿ ಸೇರಿದ ಹುಡುಗಿಗೆ ಸಣ್ಣ ಊರಿನ ನರ್ಸಿಂಗ್ ಹೋಮ್ ಕೊಡುವ ಪಗಾರದಲ್ಲಿ 7,100 ರೂಪಾಯಿ ಕಂತು ತೆಗೆದರೆ ಮನೆಗೆ ಕಳಿಸೋಕೆ ಹೆಚ್ಚು ಉಳಿಯಲ್ಲ. 10 ಸಾವಿರದ ಸೀಟು ಪಡೆದವಳಿಗೆ ಈ ಕಂತೇ ಇರುವುದಿಲ್ಲ. ಡಿಗ್ರಿ ಇಬ್ಬರದ್ದೂ ಒಂದೇ.

ನೆರವು ಇಲ್ಲ ಅಂತಲ್ಲ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಒಂದೇ ಅರ್ಜಿ ಹಾಕಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೇಳಬಹುದು. ಸಿಇಟಿ ಮೂಲಕ ಸೀಟು ಪಡೆದವರಿಗೆ ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳ "ಅರಿವು" ಸಾಲ ಕಡಿಮೆ ಬಡ್ಡಿಗೆ ಇದೆ. ಶಿಗ್ಗಾಂವಿಯಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ 2021ರಲ್ಲಿ ಶುರು ಮಾಡಿದ ರೈತ ವಿದ್ಯಾನಿಧಿಯಲ್ಲಿ ನರ್ಸಿಂಗ್ ಓದುವ ಹುಡುಗರಿಗೆ 7,500, ಹುಡುಗಿಯರಿಗೆ 8,000 ರೂಪಾಯಿ ಅಂತ ನಿಗದಿಯಾಗಿತ್ತು. ಅದಕ್ಕೆ ಹೊಲದ ಫ್ರೂಟ್ಸ್ ಐಡಿ ಬೇಕಿತ್ತು. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದ ಮನೆಯವರು ಕಾರ್ಮಿಕ ಇಲಾಖೆಯಲ್ಲೂ ಕೇಳಬೇಕು.

ಬಡ್ಡಿ ಮನ್ನಾದ ವಿಷಯದಲ್ಲಿ ಒಂದು ಕೊಕ್ಕೆ ಇದೆ. ವರ್ಷಕ್ಕೆ 4.5 ಲಕ್ಷದೊಳಗೆ ಆದಾಯ ಇರುವ ಮನೆಗಳಿಗೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರವೇ ತುಂಬುವ ಯೋಜನೆಯ ನಿಯಮದಲ್ಲಿ, ನ್ಯಾಕ್ ಮಾನ್ಯತೆಯ ವ್ಯಾಪ್ತಿಗೆ ಬರದ ನರ್ಸಿಂಗ್ ಕಾಲೇಜಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಒಪ್ಪಿಗೆ ಇರಬೇಕು ಅಂತಿದೆ. ಕರ್ನಾಟಕದಲ್ಲಿ 2017ರ ಸುಮಾರಿಗೆ ಇದೇ ಕೌನ್ಸಿಲ್ ಮತ್ತು ರಾಜ್ಯದ ನಡುವೆ, ಕಾಲೇಜಿಗೆ ಮಾನ್ಯತೆ ಕೊಡುವ ಅಧಿಕಾರ ಯಾರದ್ದು ಅಂತ ಜಗಳ ಹೈಕೋರ್ಟ್‌ವರೆಗೆ ಹೋಗಿತ್ತು. ರಾಜ್ಯ ನರ್ಸಿಂಗ್ ಕೌನ್ಸಿಲ್ ಮತ್ತು ವಿವಿ ಒಪ್ಪಿಗೆ ಸಾಕು ಅನ್ನುವುದು ರಾಜ್ಯದ ನಿಲುವು. ಕೇಂದ್ರ 2023ರಲ್ಲಿ ಹಳೆಯ ಕೌನ್ಸಿಲ್ ಬದಲಿಗೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾನೂನನ್ನೂ ತಂದಿದೆ. ಈ ಜಗಳದಲ್ಲಿ ಪಾಲಕರಿಗೆ ಬೇಕಾದ್ದು ಇಷ್ಟೇ: ಹಣ ಕಟ್ಟುವ ಮೊದಲು ಕಾಲೇಜಿನಿಂದ ವಿವಿ, ರಾಜ್ಯ ಕೌನ್ಸಿಲ್, ಕೇಂದ್ರ ಕೌನ್ಸಿಲ್ ಮೂರರ ಪತ್ರದ ಜೆರಾಕ್ಸ್ ಪಡೆದು, ಅದನ್ನು ತಮ್ಮ ಬ್ಯಾಂಕ್ ಮ್ಯಾನೇಜರ್‌ಗೆ ತೋರಿಸಿ "ಇದಕ್ಕೆ ಸಾಲ, ಬಡ್ಡಿ ಸಬ್ಸಿಡಿ ಆಗ್ತದೇನ್ರಿ" ಅಂತ ಕೇಳುವುದು.

ಕಾಲೇಜು ನೋಡೋದು ಅಂದರೆ ಆಸ್ಪತ್ರೆ ನೋಡೋದು

ಕಟ್ಟಡ, ಕಂಪ್ಯೂಟರ್ ಲ್ಯಾಬ್, ಎಸಿ ರೂಮು ತೋರಿಸಿ ಕಳಿಸುತ್ತಾರೆ. ನೋಡಬೇಕಾದ್ದು ಅದಲ್ಲ. ಬಿಎಸ್ಸಿ ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ತನ್ನದೇ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕ ಸಿಗಬೇಕು, ಹತ್ತು ವಿದ್ಯಾರ್ಥಿಗೆ ಒಬ್ಬ ಬೋಧಕ ಇರಬೇಕು ಅನ್ನುವುದು ಕೇಂದ್ರ ಕೌನ್ಸಿಲ್‌ನ ಮಾನದಂಡ. ಹಾಗಾಗಿ ಕಾಲೇಜಿಗೆ ಹೋದ ದಿನ ಪಕ್ಕದ ಆಸ್ಪತ್ರೆಗೂ ಹೋಗಿ ಬರಬೇಕು. ವಾರ್ಡ್‌ನಲ್ಲಿ ಹಾಸಿಗೆ ತುಂಬಿದೆಯಾ, ಹೆರಿಗೆ ಆಗುತ್ತಿದೆಯಾ, ಯೂನಿಫಾರ್ಮ್ ಹಾಕಿದ ವಿದ್ಯಾರ್ಥಿನಿಯರು ಕಾಣುತ್ತಾರಾ? ಖಾಲಿ ಮಂಚ ನೋಡಿ ಇಂಜೆಕ್ಷನ್ ಕಲಿಯೋಕೆ ಆಗಲ್ಲ.

2021–22ರಿಂದ ಕೋರ್ಸ್ ಸೆಮಿಸ್ಟರ್ ಪದ್ಧತಿಗೆ ಬಂದಿದೆ, ಒಟ್ಟು ಎಂಟು. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಮನಃಶಾಸ್ತ್ರ, ಪೌಷ್ಟಿಕತೆ ಮತ್ತು ನರ್ಸಿಂಗ್‌ನ ಮೂಲ ಪಾಠ. ನಂತರ ಔಷಧಶಾಸ್ತ್ರ, ದೊಡ್ಡವರ ಆರೈಕೆ, ಮಕ್ಕಳದ್ದು, ಮಾನಸಿಕ ರೋಗಿಗಳದ್ದು, ಸಮುದಾಯ ಆರೋಗ್ಯ, ಹೆರಿಗೆ. ಎಂಟನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. 22 ವಾರ, ವಾರಕ್ಕೆ 48 ಗಂಟೆ. ಪರೀಕ್ಷೆಗೆ ಕೂರಲು ಶೇ 80 ಹಾಜರಿ ಬೇಕು, ಪದವಿ ಸಿಗಬೇಕಾದರೆ ಆಸ್ಪತ್ರೆ ಡ್ಯೂಟಿ ಶೇ 100 ಮುಗಿದಿರಬೇಕು. "ಕಾಲೇಜಿಗೆ ಬರೋದೇ ಬ್ಯಾಡ, ಪರೀಕ್ಷೆಗೆ ಬಂದ್ರ ಸಾಕು" ಅನ್ನುವವರು ಇದ್ದರೆ ಅವರು ಮಾರುತ್ತಿರುವುದು ಕಾಗದ. ಆ ಕಾಗದ ಹಿಡಿದು ಬಂದವರು ನಾಳೆ ಇದೇ ಜಿಲ್ಲಾಸ್ಪತ್ರೆಯಲ್ಲಿ ನಮ್ಮದೇ ಮನೆಯವರಿಗೆ ಸಲೈನ್ ಏರಿಸುತ್ತಾರೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಸೆಮಿಸ್ಟರ್ ಗಟ್ಟಿ. ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ಎಲುಬಿನ ಹೆಸರು ಕಲಿಯುವುದೋ, ಇಂಗ್ಲಿಷ್ ಕಲಿಯುವುದೋ ಅನ್ನುವ ಹಾಗಾಗುತ್ತದೆ. ವಾರ್ಡ್‌ಗೆ ಹೋದ ಮೇಲೆ ಇದು ತಿರುಗುತ್ತದೆ: ರೋಗಿ ಮಾತಾಡುವುದು ಕನ್ನಡದಲ್ಲಿ, ಹೊರ ರಾಜ್ಯದ ಸಹಪಾಠಿಗಳು ಇವರನ್ನೇ ಕೇಳಬೇಕಾಗುತ್ತದೆ. ಪಿಯುಸಿ ರಜೆಯಲ್ಲಿ ಮೂರು ತಿಂಗಳು ಇಂಗ್ಲಿಷ್ ಕ್ಲಾಸಿಗೆ ಕಳಿಸಿದ ಹಣ ವ್ಯರ್ಥ ಆಗಲ್ಲ.

ಮೂಲ ಮಾರ್ಕ್ಸ್ ಕಾರ್ಡ್ ವಿಷಯವನ್ನೂ ಇಲ್ಲೇ ಹೇಳಬೇಕು. ಪ್ರವೇಶದ ಸಮಯದಲ್ಲಿ ಪರಿಶೀಲಿಸಿ ವಾಪಸ್ ಕೊಡಬೇಕು, ಕಾಲೇಜು ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ಆದರೂ ಮಧ್ಯದಲ್ಲಿ ಬಿಡಬೇಕು ಅಂದಾಗ "ನಾಲ್ಕೂ ವರ್ಷದ ಫೀ ಕಟ್ಟಿ ಒಯ್ಯಿರಿ" ಅನ್ನುವ ಕಾಲೇಜುಗಳು ಇವೆ. ಮೂಲ ದಾಖಲೆ ಕೊಟ್ಟಾಗ ಸ್ವೀಕೃತಿ ಪತ್ರ ಬರೆಸಿಕೊಳ್ಳದಿದ್ದರೆ ಆಮೇಲೆ ತಕರಾರು ಮಾಡಲು ಕೈಯಲ್ಲಿ ಏನೂ ಇರಲ್ಲ.

ಮುಗಿಸಿದ ಮೇಲೆ

ಪದವಿ ಬಂದ ತಕ್ಷಣ ನರ್ಸ್ ಆಗಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಸೂಲಗಿತ್ತಿ ಅಂತ ನೋಂದಣಿ ಆಗಬೇಕು. ಆಮೇಲೆಯೇ ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆ, ಹಳ್ಳಿ ಉಪಕೇಂದ್ರಗಳ ಸಮುದಾಯ ಆರೋಗ್ಯಾಧಿಕಾರಿ ಹುದ್ದೆ, ನಾರ್ಸೆಟ್ ಎಲ್ಲ. ಏಮ್ಸ್‌ ಹುದ್ದೆಗಳಲ್ಲಿ ಶೇ 80 ಮಹಿಳೆಯರಿಗೆ, ಶೇ 20 ಪುರುಷರಿಗೆ ಅಂತ ಇದೆ; ಮೂಲ ವೇತನ 44,900 ರೂಪಾಯಿ. ಮುಂದೆ ಓದುವವರಿಗೆ ಒಂದು ವರ್ಷ ಕೆಲಸ ಮಾಡಿದ ಮೇಲೆ ಎರಡು ವರ್ಷದ ಎಂಎಸ್ಸಿ ಇದೆ, ಕಲಿಸುವ ಕೆಲಸಕ್ಕೆ ಅದೇ ದಾರಿ.

ಹೊರದೇಶದ ಆಸೆ ತೋರಿಸದ ಏಜೆಂಟ್ ಇಲ್ಲ. ಅವಕಾಶ ನಿಜ, ಆದರೆ ಪ್ರತಿ ದೇಶಕ್ಕೂ ಬೇರೆ ಗೇಟು ಇದೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ, ಬ್ರಿಟನ್‌ಗೆ ಇಂಗ್ಲಿಷ್ ಪರೀಕ್ಷೆ ಜೊತೆಗೆ ಅವರ ಕೌನ್ಸಿಲ್‌ನ ಎರಡು ಹಂತದ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆ. ಕೊಲ್ಲಿ ರಾಷ್ಟ್ರಗಳ ವಿಷಯದಲ್ಲಿ ಕೇಂದ್ರ ಸರ್ಕಾರ 2015ರಿಂದ ನಿಯಮ ಬಿಗಿ ಮಾಡಿದೆ: ವಲಸೆ ಪರವಾನಗಿ ಬೇಕಾದ 18 ದೇಶಗಳಿಗೆ ನರ್ಸ್‌ಗಳು ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ, ಸರ್ಕಾರ ಒಪ್ಪಿದ ಸಂಸ್ಥೆಗಳಿಂದಲೇ ಹೋಗಬೇಕು. ಸೌದಿ, ಕುವೈತ್ ಈ ಪಟ್ಟಿಯಲ್ಲಿವೆ. ವಿಸಿಟ್ ವೀಸಾದ ಮೇಲೆ ಕಳಿಸಿ ಅಲ್ಲಿ ಕೆಲಸ ಕೊಡಿಸುತ್ತೇವೆ, ಮೂರು ಲಕ್ಷ ಕೊಡಿ ಅನ್ನುವವರ ಬಳಿ ಇ-ಮೈಗ್ರೇಟ್ ನೋಂದಣಿ ಸಂಖ್ಯೆ ಕೇಳಬೇಕು. ಆ ಸಂಖ್ಯೆ ನಿಜವೇ ಅನ್ನುವುದನ್ನು ಅದೇ ಪೋರ್ಟಲ್‌ನಲ್ಲಿ ಮೊಬೈಲ್‌ನಿಂದಲೇ ನೋಡಬಹುದು, ಯಾರಿಗೂ ಹಣ ಕೊಡಬೇಕಾಗಿಲ್ಲ.